ಲಾಗ್ ಕಳಿಸುವ ಮುನ್ನ

"ಸರ್, ಲ್ಯಾಪ್‌ಟಾಪ್ ಪದೇ ಪದೇ ಆಫ್ ಆಗ್ತಿದೆ, ಅರ್ಜೆಂಟ್, ಹೆಲ್ಪ್ ಮಾಡಿ." ಕಂಪ್ಯೂಟರ್ ಸಹಾಯದ ಯಾವ ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಂ ಗುಂಪಿಗೆ ಹೋದರೂ ದಿನಬೆಳಗಾದರೆ ಕಾಣುವ ಸಂದೇಶ ಇದು. ಜೊತೆಗೆ ಮೊಬೈಲಿನಲ್ಲಿ ಓರೆಯಾಗಿ ತೆಗೆದ ನೀಲಿ ಪರದೆಯ ಒಂದು ಫೋಟೊ ಇರುತ್ತದೆ. ಅರ್ಧ ಅಕ್ಷರಗಳು ಟ್ಯೂಬ್‌ಲೈಟಿನ ಬೆಳಕು ಬಿದ್ದು ಅಳಿಸಿಹೋಗಿರುತ್ತವೆ. ಉತ್ತರ ಕೊಡಬೇಕಾದವರು ಇನ್ಯಾವುದೋ ಊರಿನಲ್ಲಿ, ತಮ್ಮ ಕೆಲಸ ಮುಗಿಸಿ, ರಾತ್ರಿ ಊಟಕ್ಕೆ ಮೊದಲು ಸಿಕ್ಕ ಸ್ವಲ್ಪ ಹೊತ್ತಿನಲ್ಲಿ ಗುಂಪು ನೋಡುತ್ತಿರುತ್ತಾರೆ. ಅವರಿಗೆ ಇದಕ್ಕೆ ಸಂಬಳವಿಲ್ಲ. ನಿಮ್ಮ ಯಂತ್ರದ ಫ್ಯಾನಿನ ಸದ್ದು ಅವರಿಗೆ ಕೇಳಿಸುವುದಿಲ್ಲ, ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡಲೂ ಆಗುವುದಿಲ್ಲ. ಅವರಿಗೆ ಆಧಾರ ನೀವು ಕಳಿಸುವ ಲಾಗ್ ಒಂದೇ.

ಆ ಲಾಗ್ ಇಡೀ ಗುಂಪಿನ ಮುಂದೆಯೂ ಬೀಳುತ್ತದೆ. ಗುಂಪಿನಲ್ಲಿ ಯಾರಿದ್ದಾರೆಂದು ನಿಮಗೆ ಗೊತ್ತಿರುವುದಿಲ್ಲ. ಹಾಗಾಗಿ ಲಾಗ್ ಹಂಚುವಾಗ ಎರಡು ಕಡೆ ಗಮನ ಬೇಕು. ನೆರವಾಗುವವರಿಗೆ ಬೇಕಾದ ಒಂದು ಸಾಲೂ ತಪ್ಪಬಾರದು, ಬೇರೆಯವರಿಗೆ ನಿಮ್ಮ ಖಾಸಗಿ ವಿವರ ಸಿಗಬಾರದು. ಎರಡೂ ಕಳಿಸುವವರ ಹೊಣೆ. ಎರಡನ್ನೂ ಕಳಿಸುವ ಮೊದಲೇ ಮಾಡಬೇಕು.

ಮೊದಲು ಲಾಗ್‌ನ ಸ್ವಭಾವ ತಿಳಿದಿರಲಿ. ಆಪರೇಟಿಂಗ್ ಸಿಸ್ಟಮ್ ಮತ್ತು ಪ್ರೋಗ್ರಾಮ್‌ಗಳು ತಾವು ಮಾಡಿದ್ದನ್ನೆಲ್ಲ ಸಾಲುಸಾಲಾಗಿ ಬರೆದಿಡುತ್ತವೆ. ಸಾಮಾನ್ಯವಾಗಿ ಪ್ರತಿ ಸಾಲಿನಲ್ಲಿ ಸಮಯ, ಬರೆದ ಪ್ರೋಗ್ರಾಮ್‌ನ ಹೆಸರು, ವಿಷಯ ಎಷ್ಟು ಗಂಭೀರ ಎಂಬ ಗುರುತು, ಕೊನೆಗೆ ಸಂಗತಿ ಇರುತ್ತವೆ. ಯೂನಿಕ್ಸ್ ಪರಂಪರೆಯ ಸಿಸ್ಟಮ್‌ಗಳಲ್ಲಿ ಈ ಗಂಭೀರತೆಗೆ 0ಯಿಂದ 7ರವರೆಗೆ ಎಂಟು ಹಂತಗಳಿವೆ. 0 ಎಂದರೆ ಸಿಸ್ಟಮ್ ಬಳಸುವಂತೆಯೇ ಇಲ್ಲ, 7 ಎಂದರೆ ತಯಾರಕರಿಗಷ್ಟೇ ಬೇಕಾಗುವ ಸಣ್ಣಪುಟ್ಟ ವಿವರ. ವಿಂಡೋಸ್‌ನಲ್ಲಿ ಕ್ರಿಟಿಕಲ್, ಎರರ್, ವಾರ್ನಿಂಗ್, ಇನ್ಫರ್ಮೇಶನ್ ಎಂಬ ಗುರುತುಗಳನ್ನು ಈವೆಂಟ್ ವ್ಯೂವರ್ ತೋರಿಸುತ್ತದೆ.

ಹೊಸಬರು ಎಡವುವುದು ಇಲ್ಲೇ. ಈವೆಂಟ್ ವ್ಯೂವರ್ ತೆರೆದ ಕೂಡಲೇ ಕೆಂಪು ಗುರುತುಗಳು ಕಣ್ಣಿಗೆ ರಾಚುತ್ತವೆ, ಅವುಗಳಲ್ಲಿ ನಾಲ್ಕನ್ನು ಆರಿಸಿ ಕಳಿಸಿಬಿಡುತ್ತಾರೆ. ಆದರೆ ಆರೋಗ್ಯವಾಗಿರುವ ಯಂತ್ರದಲ್ಲೂ ಎರರ್‌ಗಳು ಬೇಕಾದಷ್ಟಿರುತ್ತವೆ. ಡಿಸ್ಟ್ರಿಬ್ಯೂಟೆಡ್‌ಕಾಮ್ ಎಂಬ ಹೆಸರಿನಲ್ಲಿ ಬರುವ 10016ನೇ ನಂಬರಿನ ಈವೆಂಟನ್ನು ಕಡೆಗಣಿಸಬಹುದು ಎಂದು ಮೈಕ್ರೋಸಾಫ್ಟೇ ಹೇಳಿದೆ. ಇದನ್ನೇ ಹಿಡಿದು "ಇದರಿಂದಲೇ ಸಿಸ್ಟಮ್ ಹಾಳಾಗಿದೆ" ಎನ್ನುವವರು ಬಹಳ ಮಂದಿ. ಇನ್ನೊಂದು, ಕರ್ನಲ್-ಪವರ್ 41. ಇದು ಕ್ರಿಟಿಕಲ್ ಗುರುತಿನದು, ನೋಡಿದರೆ ಭಯವಾಗುತ್ತದೆ. ಇದು ಹೇಳುವುದಿಷ್ಟೇ: ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತುಹೋಗಿತ್ತು. ಕರೆಂಟ್ ಹೋಯಿತೇ, ಬಿಸಿಯಾಯಿತೇ ಎಂಬುದು ಅದರಲ್ಲಿಲ್ಲ. ನಿಜವಾದ ಕಾರಣ ಎಷ್ಟೋ ಸಲ ಅದಕ್ಕಿಂತ ಎರಡು ನಿಮಿಷ ಮೊದಲು ಬರೆದ ಒಂದು ಹಳದಿ ವಾರ್ನಿಂಗ್‌ನಲ್ಲಿರುತ್ತದೆ, ಡಿಸ್ಕ್ ಓದಲು ತಡವಾಯಿತು ಎಂಬಂಥ ಸಾಲಿನಲ್ಲಿ. ಕೆಂಪನ್ನಷ್ಟೇ ಕತ್ತರಿಸಿ ಕಳಿಸಿದವರು ಅದನ್ನು ಹಿಂದೆ ಬಿಟ್ಟಿರುತ್ತಾರೆ.

ಪಂಚನಾಮೆ ಬರೆಯುವವರು ಸ್ಥಳದಲ್ಲಿ ಕಂಡದ್ದನ್ನು ಕಂಡಂತೆ ಬರೆಯಬೇಕು, ಮುಖ್ಯವೆನಿಸಿದ್ದನ್ನು ಮಾತ್ರ ಆರಿಸುವಂತಿಲ್ಲ. ಲಾಗ್‌ಗೂ ಅದೇ ನಿಯಮ. ಯಾವ ಸಾಲು ಮುಖ್ಯ ಎಂದು ನಿಮಗೆ ಗೊತ್ತಿದ್ದರೆ ಸಹಾಯವನ್ನೇ ಕೇಳುತ್ತಿರಲಿಲ್ಲ. ಆದ್ದರಿಂದ ತೊಂದರೆ ಆದ ಹೊತ್ತಿನ ಹಿಂದುಮುಂದಿನ ಭಾಗವನ್ನು ಇಡಿಯಾಗಿ ಕೊಡಿ.

ಸಂಗ್ರಹಿಸಲು ತಡಮಾಡಬೇಡಿ. ವಿಂಡೋಸ್‌ನ ಸಿಸ್ಟಮ್ ಲಾಗ್‌ಗೆ ಸಾಮಾನ್ಯವಾಗಿ 20 ಎಂಬಿ ಜಾಗ ಇರುತ್ತದೆ. ಅದು ತುಂಬಿದ ಮೇಲೆ ಹಳೆಯ ಸಾಲುಗಳ ಮೇಲೆಯೇ ಹೊಸವು ಬರುತ್ತವೆ. ಜಾಗ ಉಳಿಸುವ ಕ್ಲೀನರ್ ಪ್ರೋಗ್ರಾಮ್‌ಗಳು ಕಸ ಗುಡಿಸುವ ಭರದಲ್ಲಿ ಕ್ರ್ಯಾಶ್‌ನ ದಾಖಲೆಗಳನ್ನೂ ಅಳಿಸಿಹಾಕುತ್ತವೆ. "ಎಲ್ಲ ಕ್ಲೀನ್ ಮಾಡಿ ನೋಡಿದೆ, ಆದರೂ ಸರಿಹೋಗಲಿಲ್ಲ" ಎಂದು ಆಮೇಲೆ ಬಂದವರಿಗೆ ನೆರವಾಗುವುದು ಬಹಳ ಕಷ್ಟ. ಫಾರ್ಮ್ಯಾಟ್ ಮಾಡಿಸಿಯಾದ ಮೇಲಂತೂ ಕೇಳುವುದಕ್ಕೆ ಏನೂ ಉಳಿದಿರುವುದಿಲ್ಲ.

ನೀಲಿ ಪರದೆಯ ತೊಂದರೆಗೆ ಬೇಕಾದದ್ದು ಮಿನಿಡಂಪ್. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗೆ ಮಿನಿಡಂಪ್ ಎಂಬ ಫೋಲ್ಡರ್ ಇರುತ್ತದೆ. ಪ್ರತಿ ಕ್ರ್ಯಾಶ್‌ಗೂ ಅಲ್ಲಿ ಒಂದು ಸಣ್ಣ ಫೈಲ್, ಹೆಸರಿನಲ್ಲಿಯೇ ತಾರೀಕು. ಅಲ್ಲೇ ಜಿಪ್ ಮಾಡಲು ಹೋದರೆ ಅನುಮತಿ ಇಲ್ಲ ಎನ್ನುತ್ತದೆ, ಆದ್ದರಿಂದ ಮೊದಲು ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿಕೊಂಡು ಆಮೇಲೆ ಜಿಪ್ ಮಾಡಿ. ಒಂದರ ಬದಲು ಇರುವ ನಾಲ್ಕೈದನ್ನೂ ಕಳಿಸಿ. ಐದು ಕ್ರ್ಯಾಶ್‌ಗಳಲ್ಲೂ ಒಂದೇ ಡ್ರೈವರ್‌ನ ಹೆಸರು ಬಂದರೆ ಸಂಶಯ ಆ ಡ್ರೈವರ್ ಮೇಲೆ. ಐದರಲ್ಲೂ ಬೇರೆ ಬೇರೆ ಹೆಸರು ಬಂದರೆ ರ‍್ಯಾಮ್ ಅಥವಾ ಬೇರೆ ಹಾರ್ಡ್‌ವೇರ್ ಕಡೆ ನೋಡುತ್ತಾರೆ. ಒಂದೇ ಫೈಲ್ ಕೊಟ್ಟರೆ ಈ ಹೋಲಿಕೆಗೆ ಅವಕಾಶವಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಆ ದಿನ ಕಾರಣ ಹೊರಬಂದದ್ದೂ ಹೀಗೆಯೇ: ಎಲ್ಲರ ಕ್ರ್ಯಾಶ್‌ಗಳಲ್ಲೂ ಆ ಕಂಪನಿಯ ಒಂದೇ ಡ್ರೈವರ್ ಫೈಲಿನ ಹೆಸರಿತ್ತು.

ಬೇರೆ ತೊಂದರೆಗಳಿಗೆ ರಿಲಯಬಿಲಿಟಿ ಮಾನಿಟರ್ ಒಳ್ಳೆಯ ಆರಂಭ. ಸ್ಟಾರ್ಟ್ ಮೆನುವಿನಲ್ಲಿ ಆ ಹೆಸರು ಟೈಪ್ ಮಾಡಿದರೆ ಸಿಗುತ್ತದೆ. ಯಾವ ದಿನ ಯಾವ ಅಪ್‌ಡೇಟ್ ಬಂತು, ಯಾವ ದಿನದಿಂದ ಪ್ರೋಗ್ರಾಮ್‌ಗಳು ಬೀಳತೊಡಗಿದವು ಎಂಬುದು ಕ್ಯಾಲೆಂಡರಿನಂತೆ ಕಾಣುತ್ತದೆ. ಗ್ರಾಫಿಕ್ಸ್ ಮತ್ತು ಧ್ವನಿಯ ತೊಂದರೆಗೆ ಡೈರೆಕ್ಟ್‌ಎಕ್ಸ್ ಡಯಾಗ್ನಾಸ್ಟಿಕ್ ಟೂಲ್‌ನಿಂದ ಸೇವ್ ಮಾಡಿದ ಫೈಲ್ ಸಾಕು. ಲಿನಕ್ಸ್‌ನಲ್ಲಿ ಸಿಸ್ಟಮ್‌ಡಿಯ ಜರ್ನಲ್ ಇದೆ, ಯಂತ್ರ ಹ್ಯಾಂಗ್ ಆಗಿ ರೀಸ್ಟಾರ್ಟ್ ಮಾಡಿದ್ದರೆ ಹಿಂದಿನ ಬೂಟ್‌ನ ಜರ್ನಲ್ಲನ್ನು ಕೇಳಿ ಪಡೆಯಬೇಕು. ಈಗಿನ ಬೂಟ್‌ನದನ್ನು ಕಳಿಸುವವರೇ ಹೆಚ್ಚು, ಅದರಲ್ಲಿ ಹ್ಯಾಂಗ್ ಆದ ಕ್ಷಣವೇ ಇರುವುದಿಲ್ಲ.

ಕಳಿಸುವ ರೂಪದ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಲಾಗ್ ಅಕ್ಷರವಾಗಿಯೇ ಹೋಗಬೇಕು, ಚಿತ್ರವಾಗಿ ಅಲ್ಲ. ಅಕ್ಷರವಾದರೆ ಓದುವವರು ಹುಡುಕಬಹುದು, ಒಂದು ಸಾಲನ್ನು ಎತ್ತಿ ಅದರ ಬಗ್ಗೆ ಕೇಳಬಹುದು. ದೊಡ್ಡ ಲಾಗನ್ನು ಸಂದೇಶದೊಳಗೆ ಸುರಿದರೆ ಉಳಿದವರ ಮಾತುಕತೆ ಮುಚ್ಚಿಹೋಗುತ್ತದೆ, ಅದನ್ನು ಫೈಲ್ ಆಗಿ ಸೇರಿಸಿ. ವರ್ಡ್‌ನಲ್ಲಿ ಅಂಟಿಸಿ ಕಳಿಸಬೇಡಿ, ವರ್ಡ್ ಉದ್ಧರಣ ಚಿಹ್ನೆಗಳನ್ನೂ ಅಡ್ಡಗೆರೆಗಳನ್ನೂ ತಾನೇ ಬದಲಿಸಿಬಿಡಬಹುದು. ಯಂತ್ರ ಬೂಟ್ ಆಗುವುದೇ ಇಲ್ಲವೆಂದರೆ ಫೋಟೊ ಬಿಟ್ಟು ಬೇರೆ ದಾರಿಯಿಲ್ಲ. ಆಗ ನೇರವಾಗಿ ನಿಂತು, ಇಡೀ ಪರದೆ ಬರುವಂತೆ ತೆಗೆದು, ವಾಟ್ಸ್‌ಆ್ಯಪ್‌ನಲ್ಲಿ 'ಡಾಕ್ಯುಮೆಂಟ್' ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ಗಾತ್ರ ಕುಗ್ಗಿಸುವಾಗ ಸಣ್ಣ ಅಕ್ಷರಗಳು ಮಸುಕಾಗುತ್ತವೆ.

ಕನ್ನಡ ಓದುಗರಿಗೆಂದೇ ಹೇಳಬೇಕಾದ ಒಂದು ಮಾತಿದೆ. ಕಂಪ್ಯೂಟರನ್ನು ಕನ್ನಡದಲ್ಲಿ ಬಳಸುವವರು ಇದ್ದಾರೆ, ಇನ್ನೂ ಹೆಚ್ಚಬೇಕು. ಆದರೆ ಎರರ್ ಸಂದೇಶ ಕನ್ನಡದಲ್ಲಿ ಬಂದಾಗ ಅದನ್ನೇ ಹುಡುಕಿದರೆ ಉತ್ತರ ಸಿಗುವುದು ವಿರಳ. ಏಕೆಂದರೆ ಅದೇ ತೊಂದರೆ ಕಂಡ ಲಕ್ಷಾಂತರ ಜನ ಅದನ್ನು ಇಂಗ್ಲಿಷಿನಲ್ಲಿ ದಾಖಲಿಸಿದ್ದಾರೆ. ಇದಕ್ಕೆ ಭಾಷೆ ಬಿಡಬೇಕಾಗಿಲ್ಲ. ವಿಂಡೋಸ್‌ನಲ್ಲಿ ಪ್ರತಿ ಈವೆಂಟ್‌ಗೂ ಒಂದು ಸಂಖ್ಯೆ, ಪ್ರತಿ ನೀಲಿ ಪರದೆಗೂ ಒಂದು ಸ್ಟಾಪ್ ಕೋಡ್ ಇರುತ್ತದೆ. ಯಾವ ಭಾಷೆಯ ವಿಂಡೋಸ್ ಆದರೂ ಅವು ಬದಲಾಗುವುದಿಲ್ಲ, ಅವನ್ನು ತಪ್ಪದೆ ಬರೆಯಿರಿ. ಲಿನಕ್ಸ್‌ನಲ್ಲಿ ಕಮಾಂಡ್‌ನ ಮುಂದೆ ಭಾಷೆಯ ಸೆಟ್ಟಿಂಗನ್ನು 'ಸಿ' ಎಂದು ಕೊಟ್ಟರೆ ಆ ಒಂದು ಕಮಾಂಡ್‌ನ ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಫೈಲ್ ಅಥವಾ ಫೋಲ್ಡರಿನ ಹೆಸರು ಕನ್ನಡದಲ್ಲಿದ್ದರೆ ಅದನ್ನೂ ತಿಳಿಸಿ, ಹಳೆಯ ಪ್ರೋಗ್ರಾಮ್‌ಗಳು ಕೆಲವೊಮ್ಮೆ ಎಡವುವುದು ಅದರಲ್ಲೇ. ಲಾಗನ್ನು ಸೇವ್ ಮಾಡುವಾಗ ಯುಟಿಎಫ್-8 ಆರಿಸಿ. 2019ರ ನಂತರದ ನೋಟ್‌ಪ್ಯಾಡ್ ತಾನಾಗಿಯೇ ಹಾಗೆ ಸೇವ್ ಮಾಡುತ್ತದೆ. ಹಳೆಯದಾಗಿದ್ದರೆ ಕನ್ನಡ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಉಳಿಯುತ್ತದೆ.

ಸಮಯದ ಗೊಂದಲವೂ ಸಣ್ಣದಲ್ಲ. ಈವೆಂಟ್ ಲಾಗ್‌ನ ಮೂಲ ಫೈಲಿನಲ್ಲಿ ಸಮಯ ಅಂತರರಾಷ್ಟ್ರೀಯ ಮಾನಕ ವೇಳೆಯಲ್ಲಿರುತ್ತದೆ, ತೆರೆದ ಕಂಪ್ಯೂಟರ್ ಯಾವ ದೇಶದಲ್ಲಿದೆಯೋ ಅಲ್ಲಿನ ಗಂಟೆಗೆ ಬದಲಾಗಿ ಕಾಣುತ್ತದೆ. ಧಾರವಾಡದಲ್ಲಿ ರಾತ್ರಿ 9:10ಕ್ಕೆ ಆದ ಕ್ರ್ಯಾಶ್, ಚಳಿಗಾಲದ ಲಂಡನ್ನಿನಲ್ಲಿ ಕುಳಿತು ಆ ಫೈಲ್ ತೆರೆದ ಕನ್ನಡಿಗ ಗೆಳೆಯರಿಗೆ ಮಧ್ಯಾಹ್ನ 3:40 ಎಂದು ತೋರುತ್ತದೆ. "ರಾತ್ರಿ ಆಯ್ತು" ಎಂದಷ್ಟೇ ಬರೆದರೆ ಅವರು ಬೇರೆಯೇ ಸಾಲುಗಳನ್ನು ನೋಡುತ್ತಾರೆ. ತಾರೀಕು, ಗಂಟೆ, 'ಭಾರತೀಯ ಕಾಲಮಾನ' ಎಂಬ ಎರಡು ಪದ ಬರೆದರೆ ಮುಗಿಯಿತು.

ಈಗ ಮುಚ್ಚಿಡಬೇಕಾದವುಗಳ ಮಾತು. ಲಾಗ್ ಓದಲು ನೀರಸವಾಗಿರುವುದರಿಂದ ಅದರಲ್ಲಿ ಖಾಸಗಿಯಾದದ್ದು ಏನೂ ಇಲ್ಲ ಎಂದು ಜನ ನಂಬಿಬಿಡುತ್ತಾರೆ. ವಿಂಡೋಸ್‌ನಲ್ಲಿ ನಿಮ್ಮ ಫೈಲುಗಳಿರುವ ಜಾಗದ ವಿಳಾಸದಲ್ಲೇ ನಿಮ್ಮ ಯೂಸರ್ ನೇಮ್ ಇರುತ್ತದೆ, ಆದ್ದರಿಂದ ಅದು ಲಾಗ್‌ನಲ್ಲಿ ಮತ್ತೆ ಮತ್ತೆ ಬರುತ್ತದೆ. ಇತ್ತೀಚೆಗೆ ತೆರೆದ ಫೈಲುಗಳ ಹೆಸರು ಬರಬಹುದು. 'ವಿಚ್ಛೇದನ ಅರ್ಜಿ' ಎಂಬ ಫೈಲಿನ ಹೆಸರು ಒಳಗಿನ ವಿಷಯವನ್ನು ಹೇಳಿಯೇ ಬಿಡುತ್ತದೆ. ಯಂತ್ರದ ಸೀರಿಯಲ್ ನಂಬರ್, ವಿಂಡೋಸ್‌ನ ಪ್ರಾಡಕ್ಟ್ ಕೀ, ಇಮೇಲ್ ವಿಳಾಸ, ವೈಫೈ ಹೆಸರು ಇರಬಹುದು. ರೂಟರಿನ ಮ್ಯಾಕ್ ವಿಳಾಸ ಇನ್ನೂ ಸೂಕ್ಷ್ಮ. ಗೂಗಲ್, ಆ್ಯಪಲ್‌ನಂಥ ಕಂಪನಿಗಳು ಯಾವ ರೂಟರ್ ಎಲ್ಲಿದೆ ಎಂಬ ದೊಡ್ಡ ಪಟ್ಟಿಗಳನ್ನು ಇಟ್ಟುಕೊಂಡಿವೆ, ಫೋನು ಜಿಪಿಎಸ್ ಇಲ್ಲದೆಯೂ ಜಾಗ ಗುರುತಿಸುವುದು ಅದರಿಂದಲೇ. ಆ ಸಂಖ್ಯೆ ಹೊರಬಿದ್ದರೆ ನಿಮ್ಮ ಮನೆ ಎಲ್ಲಿದೆ ಎಂಬುದೂ ಹೊರಬೀಳಬಹುದು. ವಾಟ್ಸ್‌ಆ್ಯಪ್ ಗುಂಪಿನಲ್ಲಂತೂ ನಿಮ್ಮ ಫೋನ್ ನಂಬರ್ ಆಗಲೇ ಎಲ್ಲರಿಗೂ ಕಾಣುತ್ತಿರುತ್ತದೆ. ಲಾಗ್‌ನಲ್ಲಿ ಸಿಗುವ ಪ್ರತಿ ವಿವರವೂ ಹೋಗಿ ಆ ನಂಬರಿಗೆ ಸೇರಿಕೊಳ್ಳುತ್ತದೆ.

ಎಲ್ಲಕ್ಕಿಂತ ಅಪಾಯಕಾರಿಯಾದವು ಬ್ರೌಸರಿನಿಂದ ತೆಗೆದ ಹಾರ್ ಫೈಲುಗಳು. ವೆಬ್ ಪುಟ ಸರಿಯಾಗಿ ತೆರೆಯದಿದ್ದಾಗ, ಬ್ರೌಸರ್ ಮತ್ತು ಸರ್ವರ್ ನಡುವೆ ನಡೆದದ್ದೆಲ್ಲವನ್ನೂ ದಾಖಲಿಸಿ ಕಳಿಸಲು ಸಹಾಯ ಕೇಂದ್ರದವರು ಹೇಳುವುದುಂಟು. ಅದರೊಳಗೆ ಲಾಗಿನ್ ಆಗಿರುವ ಸ್ಥಿತಿಯ ಕುಕಿಗಳೂ ಸೇರಿಕೊಂಡಿರಬಹುದು. ಅವು ಸಿಕ್ಕವರಿಗೆ ನಿಮ್ಮ ಪಾಸ್‌ವರ್ಡ್ ಬೇಕಿಲ್ಲ, ಓಟಿಪಿಯೂ ಬೇಕಿಲ್ಲ. 2023ರಲ್ಲಿ ಲಾಗಿನ್ ಸೇವೆಯನ್ನೇ ವ್ಯವಹಾರವಾಗಿ ನಡೆಸುವ ಅಮೆರಿಕದ ಓಕ್ಟಾ ಕಂಪನಿಯ ಸಹಾಯ ವಿಭಾಗದ ವ್ಯವಸ್ಥೆಗೆ ಕಳ್ಳರು ನುಗ್ಗಿದರು. ಅಲ್ಲಿ 134 ಗ್ರಾಹಕ ಸಂಸ್ಥೆಗಳು ಸಮಸ್ಯೆ ಪರಿಹಾರಕ್ಕೆಂದು ಕಳಿಸಿದ್ದ ಫೈಲುಗಳು ಅವರ ಕೈಗೆ ಸಿಕ್ಕವು. ಕೆಲವು ಹಾರ್ ಫೈಲುಗಳಲ್ಲಿದ್ದ ಲಾಗಿನ್ ಟೋಕನ್‌ಗಳನ್ನು ಬಳಸಿ ಐದು ಗ್ರಾಹಕರ ಸೆಷನ್‌ಗಳನ್ನು ಅವರು ವಶಮಾಡಿಕೊಂಡರು ಎಂದು ಓಕ್ಟಾ ಹೇಳಿತು. ಕ್ಲೌಡ್‌ಫ್ಲೇರ್, 1ಪಾಸ್‌ವರ್ಡ್‌ನಂಥ ಭದ್ರತೆಯನ್ನೇ ಕಸುಬಾಗಿಸಿಕೊಂಡ ಕಂಪನಿಗಳೂ ಈ ದಾಳಿಗೆ ಗುರಿಯಾಗಿದ್ದವು. 2024ರ ಕೊನೆಯ ಹೊತ್ತಿಗೆ ಕ್ರೋಮ್ ಬ್ರೌಸರ್, ಹಾರ್ ಫೈಲ್ ಸೇವ್ ಮಾಡುವಾಗ ಕುಕಿಗಳನ್ನು ತಾನಾಗಿಯೇ ಬಿಟ್ಟುಬಿಡುವಂತೆ ಬದಲಾಯಿತು. ಆದರೂ ಹಾರ್ ಫೈಲನ್ನು ಗುಂಪಿನಲ್ಲಿ ಹಾಕಲೇಬೇಡಿ. ಕೊಡಲೇಬೇಕಾದರೆ, ಫೈಲ್ ತೆಗೆದ ಮೇಲೆ ಆ ಖಾತೆಯಿಂದ ಲಾಗ್ಔಟ್ ಆಗಿ, ಆಮೇಲೆ ಕೊಡಿ. ಪೂರ್ಣ ಮೆಮೊರಿ ಡಂಪ್‌ಗೂ ಇದೇ ಮಾತು: ಕ್ರ್ಯಾಶ್ ಆದ ಕ್ಷಣದಲ್ಲಿ ರ‍್ಯಾಮ್‌ನಲ್ಲಿ ಇದ್ದದ್ದು ಅದರಲ್ಲಿರುತ್ತದೆ.

ಮುಚ್ಚುವುದಕ್ಕೂ ಒಂದು ಕ್ರಮವಿದೆ. ಸಾಲನ್ನೇ ಅಳಿಸಬೇಡಿ, ಸಾಲಿನೊಳಗಿನ ಹೆಸರನ್ನು ಬದಲಿಸಿ. ಒಂದು ಹೆಸರಿಗೆ ಕೊನೆಯವರೆಗೂ ಒಂದೇ ಬದಲಿ ಇರಲಿ: ಮೊದಲ ಯೂಸರ್‌ಗೆ 'ಬಳಕೆದಾರ1', ಎರಡನೆಯವರಿಗೆ 'ಬಳಕೆದಾರ2'. ಎಲ್ಲವನ್ನೂ ನಕ್ಷತ್ರ ಚಿಹ್ನೆಗಳಿಂದ ಮುಚ್ಚಿದರೆ, ಒಬ್ಬರ ಫೋಲ್ಡರನ್ನು ಇನ್ನೊಬ್ಬರ ಖಾತೆ ತೆರೆಯಲು ಹೋಗಿ ತೊಂದರೆಯಾದದ್ದು ಯಾರಿಗೂ ಕಾಣುವುದಿಲ್ಲ. ಮ್ಯಾಕ್ ವಿಳಾಸದ ಆರು ಜೋಡಿಗಳಲ್ಲಿ ಕೊನೆಯ ಮೂರನ್ನು ಮುಚ್ಚಿದರೆ ಸಾಕು. ಮೊದಲ ಮೂರು ತಯಾರಕರ ಗುರುತು, ಅದು ಓದುವವರಿಗೆ ಉಪಯೋಗಕ್ಕೆ ಬರುತ್ತದೆ. 192.168ರಿಂದ ಶುರುವಾಗುವ ಐಪಿ ವಿಳಾಸಗಳು ಮನೆಯೊಳಗಿನವು, ಲೋಕದ ಎಷ್ಟೋ ಮನೆಗಳಲ್ಲಿ ಅವೇ ಇವೆ. ಅವನ್ನು ಮುಚ್ಚಿದರೆ ನೆಟ್‌ವರ್ಕ್ ತೊಂದರೆ ಅರ್ಥವಾಗುವುದೇ ಇಲ್ಲ.

ನೋಟ್‌ಪ್ಯಾಡ್‌ನ 'ರಿಪ್ಲೇಸ್ ಆಲ್' ಬಳಸುವಾಗ ಎಚ್ಚರ ಬೇಕು. ನಿಮ್ಮ ಯೂಸರ್ ನೇಮ್ ಇಂಗ್ಲಿಷಿನ ಮೂರು ಅಕ್ಷರಗಳ 'ರಾಮ್' ಎಂದಿಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ಬರೆದ 'ಪ್ರೋಗ್ರಾಮ್' ಪದದ ಕೊನೆಯ ಮೂರು ಅಕ್ಷರಗಳೂ ಅವೇ, ಮೆಮೊರಿಯ 'ರ‍್ಯಾಮ್' ಪದವೂ ಅದೇ. ಒಂದು ಕ್ಲಿಕ್ಕಿನಲ್ಲಿ ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನ ಹೆಸರು ಲಾಗ್‌ನ ಉದ್ದಕ್ಕೂ ಕೆಟ್ಟುಹೋಗುತ್ತದೆ. ಹೆಸರಿನ ಎರಡೂ ಬದಿಯ ಓರೆಗೆರೆಗಳನ್ನು ಸೇರಿಸಿಯೇ ಹುಡುಕಿ ಬದಲಿಸಿದರೆ ಈ ಅನಾಹುತ ತಪ್ಪುತ್ತದೆ. ಲಿನಕ್ಸ್‌ನ ಇಂಕ್ಸಿ ಎಂಬ ಕಮಾಂಡ್‌ಗೆ ಝಡ್ ಆಯ್ಕೆ ಕೊಟ್ಟರೆ ಸೀರಿಯಲ್ ನಂಬರ್, ಮ್ಯಾಕ್, ಐಪಿ ಎಲ್ಲವನ್ನೂ ತಾನೇ ಮುಚ್ಚಿ ವಿವರ ಕೊಡುತ್ತದೆ. ಇಂಥ ಸೌಲಭ್ಯ ಇರುವಲ್ಲಿ ಅದನ್ನೇ ನಂಬುವುದು ಒಳ್ಳೆಯದು. ಏನನ್ನು ಬದಲಿಸಿದ್ದೀರಿ ಎಂದು ಸಂದೇಶದಲ್ಲಿ ಒಂದು ಸಾಲು ಬರೆಯಿರಿ, ಇಲ್ಲದಿದ್ದರೆ ನಿಮ್ಮ ಬದಲಾವಣೆಯನ್ನೇ ದೋಷವೆಂದು ತಿಳಿದು ಯಾರೋ ಅದರ ಹಿಂದೆ ಬೀಳುತ್ತಾರೆ.

ಸ್ಕ್ರೀನ್‌ಶಾಟಿನಲ್ಲಿ ಮುಚ್ಚುವುದಾದರೆ ಗಟ್ಟಿ ಬಣ್ಣದ ಚೌಕವನ್ನೇ ಬಳಸಿ. ಮೊಬೈಲಿನ ಹೈಲೈಟರ್ ಪೆನ್ನು ಪಾರದರ್ಶಕ, ಬ್ರೈಟ್‌ನೆಸ್ ಏರಿಸಿದರೆ ಕೆಳಗಿನ ಅಕ್ಷರ ಕಾಣಬಹುದು. 2023ರಲ್ಲಿ ಗೂಗಲ್ ಪಿಕ್ಸೆಲ್ ಫೋನಿನ ಚಿತ್ರ ತಿದ್ದುವ ಸೌಲಭ್ಯದಲ್ಲೂ ವಿಂಡೋಸ್‌ನ ಸ್ನಿಪ್ಪಿಂಗ್ ಟೂಲ್‌ನಲ್ಲೂ ಒಂದು ದೋಷ ಬಯಲಾಯಿತು: ಕತ್ತರಿಸಿ ತೆಗೆದ ಭಾಗ ಸೇವ್ ಆದ ಫೈಲಿನಲ್ಲಿ ಉಳಿದುಕೊಳ್ಳುತ್ತಿತ್ತು, ಅದನ್ನು ಮರಳಿ ಪಡೆಯಬಹುದಿತ್ತು. ಅದನ್ನು ಸರಿಪಡಿಸಲಾಗಿದೆ. ಆದರೆ ಅದಕ್ಕೆ ಮೊದಲು ಕಳಿಸಿದ ಚಿತ್ರಗಳು ಇನ್ನೂ ಎಲ್ಲೆಲ್ಲೋ ಇರುತ್ತವೆ. ಪಾಸ್‌ವರ್ಡ್ ಅಥವಾ ಕೀ ಒಂದು ಸಲ ಗುಂಪಿಗೆ ಹೋದರೆ ಸಂದೇಶ ಅಳಿಸಿ ಸುಮ್ಮನಾಗಬೇಡಿ, ತಕ್ಷಣ ಬದಲಿಸಿ.

ಆಫೀಸಿನ ಲ್ಯಾಪ್‌ಟಾಪ್ ಆದರೆ ಅದರ ಲಾಗ್ ನಿಮ್ಮದಲ್ಲ. ಅದನ್ನು ಹೊರಗಿನ ಗುಂಪಿನಲ್ಲಿ ಹಾಕಲು ಕಂಪನಿಯ ಅನುಮತಿ ಬೇಕು. ರಿಪೇರಿ ಅಂಗಡಿ ನಡೆಸುವವರು ಗಿರಾಕಿಯ ಯಂತ್ರದ ಲಾಗ್ ಕಳಿಸುವಾಗ ಗಿರಾಕಿಯನ್ನು ಒಂದು ಮಾತು ಕೇಳಬೇಕು, ಇದನ್ನು ಮರೆಯುವವರು ಬಹಳ.

ಲಾಗ್ ಜೊತೆ ಹೋಗುವ ನಾಲ್ಕು ಸಾಲು ಲಾಗ್‌ನಷ್ಟೇ ಮುಖ್ಯ. ಪುಟ್ಟಿ ಎಂಬ ಪ್ರೋಗ್ರಾಮ್ ಬರೆದ ಸೈಮನ್ ಟ್ಯಾಥಮ್ 1999ರಲ್ಲಿ ದೋಷ ವರದಿ ಮಾಡುವ ಬಗೆ ಕುರಿತು ಬರೆದ ಪ್ರಬಂಧವನ್ನು ಇಂದಿಗೂ ಜನ ಓದುತ್ತಾರೆ. ಏನಾಯಿತೋ ಅದನ್ನು ಹೇಳಿ, ನಿಮ್ಮ ಊಹೆಯನ್ನು ಅದರಿಂದ ಬೇರೆಯಾಗಿಡಿ ಎನ್ನುವುದು ಅದರ ತಿರುಳು. ಒಳ್ಳೆಯ ಸಂದೇಶ ಹೀಗಿರಬಹುದು:

"ಎಲ್ಲರಿಗೂ ನಮಸ್ಕಾರ. ಎರಡು ವರ್ಷದ ಲ್ಯಾಪ್‌ಟಾಪ್, ವಿಂಡೋಸ್ 11, 8 ಜಿಬಿ ರ‍್ಯಾಮ್. ಸೋಮವಾರದಿಂದ ವಿಡಿಯೊ ಕಾಲ್ ಶುರುವಾದ ಸ್ವಲ್ಪ ಹೊತ್ತಿಗೆ ನೀಲಿ ಪರದೆ ಬಂದು ರೀಸ್ಟಾರ್ಟ್ ಆಗುತ್ತಿದೆ. ಬೇರೆ ಕೆಲಸ ಮಾಡುವಾಗ ಆಗಿಲ್ಲ. ಭಾನುವಾರ ರಾತ್ರಿ ವಿಂಡೋಸ್ ಅಪ್‌ಡೇಟ್ ಆಗಿತ್ತು. ಕೊನೆಯ ಸಲ ಆದದ್ದು ಬುಧವಾರ ರಾತ್ರಿ 9:10ಕ್ಕೆ, ಭಾರತೀಯ ಕಾಲಮಾನ. ಲ್ಯಾಪ್‌ಟಾಪ್ ಬಿಸಿಯಾಗಿರಲಿಲ್ಲ. ಆ್ಯಂಟಿವೈರಸ್ ಸ್ಕ್ಯಾನ್ ಮಾಡಿದೆ, ಏನೂ ಸಿಗಲಿಲ್ಲ. ನಾಲ್ಕು ಮಿನಿಡಂಪ್, ಸ್ಟಾಪ್ ಕೋಡ್ ಮತ್ತು ಸಿಸ್ಟಮ್ ವಿವರ ಜಿಪ್‌ನಲ್ಲಿವೆ. ಸಿಸ್ಟಮ್ ವಿವರದಲ್ಲಿ ನನ್ನ ಹೆಸರಿನ ಜಾಗದಲ್ಲಿ 'ಬಳಕೆದಾರ1' ಎಂದು ಹಾಕಿದ್ದೇನೆ. ನಾಳೆ ಸಂಜೆ ಮತ್ತೆ ಗುಂಪು ನೋಡುತ್ತೇನೆ."

ಇದನ್ನು ಓದಿದವರಿಗೆ ಮರುಪ್ರಶ್ನೆ ಕೇಳುವ ಅಗತ್ಯವೇ ಬೀಳುವುದಿಲ್ಲ, ನೇರ ಫೈಲ್ ತೆರೆಯುತ್ತಾರೆ. ಗೊತ್ತಿರುವ ಒಬ್ಬರಿಗೇ "ಅಣ್ಣ, ಸ್ವಲ್ಪ ನೋಡಿ" ಎಂದು ಖಾಸಗಿಯಾಗಿ ಕಳಿಸುವುದಕ್ಕಿಂತ ಇದನ್ನು ಗುಂಪಿನಲ್ಲೇ ಹಾಕುವುದು ಮೇಲು. ಒಬ್ಬರು ತಪ್ಪಿದರೆ ಇನ್ನೊಬ್ಬರು ತಿದ್ದುತ್ತಾರೆ.

ಒಂದೇ ತೊಂದರೆಯನ್ನು ಏಕಕಾಲಕ್ಕೆ ನಾಲ್ಕು ಗುಂಪಿನಲ್ಲಿ ಹಾಕಿ, ನಾಲ್ಕೂ ಕಡೆಯ ಸಲಹೆಗಳನ್ನು ಒಟ್ಟಿಗೆ ಮಾಡಿ ನೋಡುವುದು ಬೇಡ. ಒಬ್ಬರು ಓದುತ್ತಿರುವ ಲಾಗ್ ಅಷ್ಟು ಹೊತ್ತಿಗೆ ಹಳೆಯದಾಗಿರುತ್ತದೆ. ವೈರಸ್ ತೆಗೆಯುವ ಕೆಲಸದಲ್ಲಿ ಇದರಿಂದ ನಿಜವಾದ ಹಾನಿಯೇ ಆಗುತ್ತದೆ. ನೆದರ್‌ಲ್ಯಾಂಡ್ಸ್‌ನ ಮೆರೈನ್ ಬೆಲ್ಲೆಕಾಮ್ ಬರೆದು, 2007ರಲ್ಲಿ ಟ್ರೆಂಡ್ ಮೈಕ್ರೋ ಕಂಪನಿ ಕೊಂಡುಕೊಂಡ ಹೈಜ್ಯಾಕ್‌ದಿಸ್ ಎಂಬ ಪ್ರೋಗ್ರಾಮ್ ಇತ್ತು. ಅದು ವಿಂಡೋಸ್‌ನಲ್ಲಿ ತಾನಾಗಿ ಶುರುವಾಗುವ ಪ್ರೋಗ್ರಾಮ್‌ಗಳು, ಬ್ರೌಸರಿಗೆ ಅಂಟಿಕೊಂಡವು ಮುಂತಾದವನ್ನು ಪಟ್ಟಿ ಮಾಡುತ್ತಿತ್ತು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಅದು ಹೇಳುತ್ತಿರಲಿಲ್ಲ. ಪಟ್ಟಿಯಲ್ಲಿದ್ದುದನ್ನೆಲ್ಲ ಗುರುತು ಹಾಕಿ ತೆಗೆದವರ ವಿಂಡೋಸೇ ಹದಗೆಡುತ್ತಿತ್ತು. ಅದಕ್ಕೇ ಸಹಾಯದ ಹಲವು ತಾಣಗಳಲ್ಲಿ ತರಬೇತಿ ಮುಗಿಸಿದ ಸ್ವಯಂಸೇವಕರು ಮಾತ್ರ ಆ ಲಾಗ್‌ಗೆ ಉತ್ತರ ಕೊಡಬಹುದು ಎಂಬ ನಿಯಮ ಬಂತು. ಮುಂದೆ ಆ ಜಾಗಕ್ಕೆ ಬಂದ ಫಾರ್ಬಾರ್ ರಿಕವರಿ ಸ್ಕ್ಯಾನ್ ಟೂಲ್‌ನಲ್ಲಿ ಪರಿಣತರು ಪ್ರತಿ ಯಂತ್ರಕ್ಕೂ ಬೇರೆಯಾಗಿ ಫಿಕ್ಸ್‌ಲಿಸ್ಟ್, ಅಂದರೆ ಸರಿಪಡಿಸಬೇಕಾದವುಗಳ ಪಟ್ಟಿ, ಬರೆದುಕೊಡುತ್ತಾರೆ. ಅದು ಆ ಒಂದು ಯಂತ್ರಕ್ಕೆ, ಆ ಹೊತ್ತಿನ ಲಾಗ್‌ಗೆ ಮಾತ್ರ. ಲಕ್ಷಣ ಒಂದೇ ಎಂದು ಬೇರೆಯವರ ಫಿಕ್ಸ್‌ಲಿಸ್ಟನ್ನು ನಿಮ್ಮ ಯಂತ್ರದಲ್ಲಿ ಓಡಿಸಿದರೆ ಅದು ಬೂಟ್ ಆಗದೆಯೂ ಹೋಗಬಹುದು.

ನೆರವಾಗುವವರಿಗೂ ಮರ್ಯಾದೆಯ ಗೆರೆಗಳಿವೆ. ಬೇಕಾದದ್ದಕ್ಕಿಂತ ಹೆಚ್ಚು ಕೇಳಬಾರದು, ಒಂದು ಕಮಾಂಡ್ ಕೊಟ್ಟರೆ ಅದು ಏನು ಮಾಡುತ್ತದೆಂದು ಒಂದು ಸಾಲಿನಲ್ಲಿ ಹೇಳಬೇಕು, ಲಾಗ್‌ನಲ್ಲಿ ಕಂಡ ಖಾಸಗಿ ವಿಷಯವನ್ನು ಗುಂಪಿನಲ್ಲಿ ಎತ್ತಬಾರದು. ಯಾರಾದರೂ ತಪ್ಪಿ ಕೀ ಹಾಕಿದ್ದು ಕಂಡರೆ ಅವರಿಗೆ ಖಾಸಗಿಯಾಗಿ ತಿಳಿಸಿ, ಸಂದೇಶ ತೆಗೆಯುವಂತೆ ಗುಂಪಿನ ಅಡ್ಮಿನ್‌ಗೂ ಹೇಳಬೇಕು. ಹೊಸಬರನ್ನು ಗದರಿಸುವವರ ಮೇಲೆ ನನಗೆ ಸಿಟ್ಟಿದೆ. ಗದರಿಸಿಕೊಂಡವರು ಮುಂದಿನ ಸಲ ಲಾಗ್ ಕಳಿಸುವುದಿಲ್ಲ, ಸೀದಾ ಫಾರ್ಮ್ಯಾಟ್ ಮಾಡಿಸುತ್ತಾರೆ, ಹತ್ತು ವರ್ಷದ ಫೋಟೊಗಳು ಅದರ ಜೊತೆಗೇ ಹೋಗುತ್ತವೆ.

ಸಂದೇಶ ಹಾಕಿದ ಐದೇ ನಿಮಿಷಕ್ಕೆ ಅಪರಿಚಿತರೊಬ್ಬರು ಖಾಸಗಿಯಾಗಿ ಬಂದು "ನಾನು ಸರಿ ಮಾಡಿಕೊಡ್ತೀನಿ, ಈ ರಿಮೋಟ್ ಆ್ಯಪ್ ಹಾಕಿ" ಎಂದರೆ ಒಪ್ಪಬೇಡಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಗಳ ರಿಕವರಿ ಕೀ, ಓಟಿಪಿ, ಪಾಸ್‌ವರ್ಡ್: ಯಾವ ಲಾಗ್ ಓದಲಿಕ್ಕೂ ಇವು ಬೇಡ. ಚಾಟ್‌ಬಾಟ್‌ಗೆ ಲಾಗ್ ಅಂಟಿಸಿ ಕೇಳುವವರೂ ಈಗ ಹೆಚ್ಚುತ್ತಿದ್ದಾರೆ. ಅಲ್ಲಿಗೂ ಹೆಸರು, ಕೀಗಳನ್ನು ಬದಲಿಸಿಯೇ ಕೊಡಿ. ಅದು ಕೊಟ್ಟ ಉತ್ತರವನ್ನು ಪರೀಕ್ಷಿಸದೆ ಬೇರೆಯವರಿಗೆ ಸಲಹೆಯಾಗಿ ಹಾಕುವುದಂತೂ ಬೇಡವೇ ಬೇಡ.

ತೊಂದರೆ ಬಗೆಹರಿದ ಮೇಲೆ "ಸರಿಹೋಯ್ತು, ಥ್ಯಾಂಕ್ಸ್" ಎಂದಷ್ಟೇ ಬರೆದು ಹೋಗಬೇಡಿ. ಆರು ತಿಂಗಳ ನಂತರ ಅದೇ ಸ್ಟಾಪ್ ಕೋಡ್ ಹುಡುಕಿಕೊಂಡು ಬರುವವರಿಗೆ ಆ ಸಾಲಿನಿಂದ ಏನೂ ಸಿಗುವುದಿಲ್ಲ. ಯಾವ ಸಲಹೆ ಕೆಲಸ ಮಾಡಿತು, ಯಾರ ಸಲಹೆ, ಎಷ್ಟು ದಿನ ಪರೀಕ್ಷಿಸಿದಿರಿ ಎಂದು ಬರೆಯಿರಿ: "ವೈಫೈ ಡ್ರೈವರನ್ನು ಹಿಂದಿನ ಆವೃತ್ತಿಗೆ ಮರಳಿಸಿದೆ. ಒಂದು ವಾರದಿಂದ ದಿನವೂ ವಿಡಿಯೊ ಕಾಲ್ ಮಾಡಿದ್ದೇನೆ, ನೀಲಿ ಪರದೆ ಬಂದಿಲ್ಲ." ಸ್ಟಾಪ್ ಕೋಡ್ ಮತ್ತು ಡ್ರೈವರ್ ಹೆಸರಿರುವ ನಾಲ್ಕು ಸಾಲುಗಳನ್ನು ಇದರ ಕೆಳಗೆ ಅಂಟಿಸಿ, ಮೊದಲು ಹಾಕಿದ್ದ ಜಿಪ್ ಫೈಲನ್ನು ಸಾಧ್ಯವಿದ್ದರೆ ಗುಂಪಿನಿಂದ ತೆಗೆದುಬಿಡಿ.